ಓಡಲಾರದ ಕಾರು ಓಡಿಹೋದದ್ದು

ಕಾರು ಕಾಣೆಯಾಗಿತ್ತು. ಕಾರುಗಳು ಕಾಣೆಯಾಗುವುದು ಹೊಸದಲ್ಲ. ಆದರೆ ಈ ಕಾರಿಗೆ ಮುಂದಿನ ಚಕ್ರಗಳೇ ಇರಲಿಲ್ಲ.

ಖಾಲಿ ಶೆಡ್ಡಿನ ನಡುವೆ ನಿಂತ ಹಲ್ಲಿನ ಡಾಕ್ಟರು ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು.

"ಚಕ್ರ ಬಿಚ್ಚಿ ಗೋಡೆಗೆ ಒರಗಿಸಿದ್ದೆ ಮೇಡಂ. ಕಾರು ಸ್ಟ್ಯಾಂಡಿನ ಮೇಲೆ ಕೂತಿತ್ತು. ಬಾಲ್ ಜಾಯಿಂಟು ಅರ್ಧ ಬಿಚ್ಚಿತ್ತು. ಅದು ಹೇಗೆ ಹೋಗುತ್ತೆ?"

"ಬಾಲ್ ಜಾಯಿಂಟ್ ಅಂದ್ರೆ ಏನು?" ಇನ್ಸ್‌ಪೆಕ್ಟರ್ ಕೇಳಿದರು. ಗೊತ್ತಿಲ್ಲದ್ದನ್ನು ಕೇಳಲು ಆಕೆಗೆ ನಾಚಿಕೆಯಿರಲಿಲ್ಲ. ಇಲಾಖೆಯಲ್ಲಿ ಅದು ಅಪರೂಪದ ಗುಣ.

"ತೊಡೆಮೂಳೆ ಸೊಂಟದ ಗುಳಿಯಲ್ಲಿ ತಿರುಗುತ್ತಲ್ಲ, ಹಾಗೆ. ಒಂದು ಗುಂಡು, ಅದಕ್ಕೊಂದು ಬಟ್ಟಲು. ಚಕ್ರ ಆ ಕಡೆ ಈ ಕಡೆ ತಿರುಗೋದು ಅದರ ಮೇಲೇ. ಸವೆದ್ರೆ ಹಳ್ಳ ಬಂದಾಗೆಲ್ಲ ಟಕಟಕ ಅನ್ನುತ್ತೆ. ಪೂರ್ತಿ ಕಳಚಿದ್ರೆ ಚಕ್ರ ಮಡಚಿಕೊಂಡು ಬಿಡುತ್ತೆ."

"ಅದನ್ನ ನೀವೇ ಬದಲಿಸೋಕೆ ಹೊರಟ್ರಾ?"

"ದಿನಾ ಹಲ್ಲು ಕೀಳೋನಿಗೆ ಇದೊಂದು ದೊಡ್ಡದಾ? ಒಂದಷ್ಟು ಭಾನುವಾರ ಕೂತೆ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಾರು ಮಾಡಿದವರ ತಪ್ಪು."

ಕುಣಿಯಲಾರದವನಿಗೆ ನೆಲ ಡೊಂಕು. ಹೋದ ವಾರ ಸಿಟ್ಟಿನಲ್ಲಿ ಸಾಮಾನೆಲ್ಲ ನೆಲದ ಮೇಲೆ ಎಸೆದು ಎದ್ದಿದ್ದರಂತೆ. ನಿನ್ನೆ ಭಾನುವಾರ ಡಾಕ್ಟರುಗಳ ಸಭೆಗೆ ಹೋಗಿದ್ದರು. ಸಂಜೆ ಬಂದರೆ ಕಾರಿಲ್ಲ.

"ಕಳ್ಳ ಯಾರು ಅಂತ ಗೊತ್ತು ಮೇಡಂ. ಇದು ನೋಡಿ, ಇಲ್ಲೇ ಸಿಕ್ತು."

ಎರಡು ದವಡೆಯ ಕಬ್ಬಿಣದ ಸಾಧನ. ಕಚ್ಚಿಕೊಂಡ ಜಾಯಿಂಟನ್ನು ಬಿಡಿಸುವ ಪುಲ್ಲರ್. ಹಿಡಿಯ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗಾಡಿಯ ನಂಬರು.

"ಪಕ್ಕದ ಮನೆ ಸ್ಕೂಲ್ ವ್ಯಾನ್ ಡ್ರೈವರಂದು. ನನ್ನ ಸುತ್ತಿಗೆ ಸದ್ದಿಗೆ ಮಧ್ಯಾಹ್ನದ ನಿದ್ದೆ ಹೋಯ್ತು ಅಂತ ಜಗಳ ತೆಗೆದಿದ್ದ. ಆ ಡಬ್ಬಾನ ಒಂದಿನ ಎತ್ತಾಕ್ತೀನಿ ಅಂದಿದ್ದ!"

ಇನ್ಸ್‌ಪೆಕ್ಟರ್ ಕುಕ್ಕರಗಾಲಿನಲ್ಲಿ ಕೂತು ನೆಲ ನೋಡಿದರು. ಎಳೆದ ಗೀರಿಲ್ಲ. ಧೂಳಿನಲ್ಲಿ ಟೈರಿನ ಗುರುತು ಮಾತ್ರ, ನೀಟಾಗಿ ಗೇಟಿನತನಕ.

"ಎತ್ತಿಕೊಂಡು ಹೋಗಿರಬೇಕು ಮೇಡಂ," ಎಂದ ಕಾನ್‌ಸ್ಟೇಬಲ್.

"ಈ ಓಣಿಗೆ ಕ್ರೇನ್ ಬರುತ್ತೇನ್ರೀ? ನಿಮ್ಮ ಹೊಟ್ಟೆ ಬಂದಿದ್ದೇ ಹೆಚ್ಚು." ಆಕೆ ಎದ್ದರು. "ಕಾರು ತನ್ನ ಚಕ್ರದ ಮೇಲೇ ಹೋಗಿದೆ. ಅಂದ್ರೆ ಕಳ್ಳ ಮೊದಲು ರಿಪೇರಿ ಮುಗಿಸಿದ. ಆಮೇಲೆ ಕದ್ದ."

"ಅಂಥವನು ಸಿಕ್ಕಿದ್ರೆ ನಮ್ಮ ಜೀಪನ್ನೂ ಒಂದ್ಸಲ ಕದಿಯೋಕೆ ಹೇಳಬೇಕು ಮೇಡಂ."

ಮೂಲೆಯಲ್ಲಿ ಹೊಸ ಜಾಯಿಂಟಿನ ಪೆಟ್ಟಿಗೆ. ಅದರೊಳಗೆ ತುಕ್ಕು ಹಿಡಿದ ಹಳೆಯವು. ಒಂದನ್ನು ಅಲ್ಲಾಡಿಸಿದರೆ ಗುಂಡು ಮುದುಕರ ಕುತ್ತಿಗೆಯಂತೆ ವಾಲಿತು. ಪಕ್ಕದಲ್ಲಿ ಒಂದು ಟವೆಲ್ಲು. ಅದರ ಮೇಲೆ ಸ್ಪ್ಯಾನರು, ಇಕ್ಕಳ, ಸುತ್ತಿಗೆ, ಎಲ್ಲ ಸಾಲಾಗಿ, ಹಿಡಿ ಈ ಕಡೆ, ಮೊನೆ ಆ ಕಡೆ. ಒರೆಸಿ ಇಟ್ಟಿದ್ದವು.

"ಇದನ್ನ ಜೋಡಿಸಿದ್ದು ನೀವಾ?"

"ನಾನು ಎಸೆದಿದ್ದೆ ಅಂದೆನಲ್ಲ!"

ಇನ್ಸ್‌ಪೆಕ್ಟರ್ ಆ ಟವೆಲ್ಲನ್ನು ಕಳ್ಳನ ಮುಖ ನೋಡುವಂತೆ ನೋಡಿದರು.

*

ಡ್ರೈವರು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ವ್ಯಾನಿನ ಗಾಜು ಒರೆಸುತ್ತಿದ್ದ.

"ಈ ಪುಲ್ಲರ್ ನಿಮ್ಮದಾ?"

"ನಂದೇ."

"ಡಾಕ್ಟರ ಶೆಡ್ಡಿಗೆ ಹೇಗೆ ಹೋಯ್ತು?"

"ಕೇಳಿದ್ರು. ಕೊಟ್ಟೆ."

"ಯಾರು ಕೇಳಿದ್ದು?"

"ಮಾತು ಕೊಟ್ಟಿದೀನಿ ಮೇಡಂ. ಹನ್ನೊಂದು ಗಂಟೆ ದಾಟಲಿ, ಹೇಳ್ತೀನಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು.

"ಕೇಸು ಬಿದ್ರೆ ಶಾಲೆಯವರು ನಾಳೆಯಿಂದ ಬರಬೇಡ ಅಂತಾರೆ. ಗೊತ್ತಲ್ಲ?"

"ಗೊತ್ತು." ಅವನ ಕೈಯ ಬಟ್ಟೆ ಗಾಜಿನ ಒಂದೇ ಜಾಗವನ್ನು ಉಜ್ಜುತ್ತಿತ್ತು. "ನನ್ನ ದವಡೆ ಹಲ್ಲು ಕಿತ್ತಿದ್ದೂ ಅದೇ ಡಾಕ್ಟರು. 'ನೋವಾಯ್ತಾ, ನೋವಾಯ್ತಾ' ಅಂತ ಕೇಳ್ತಾನೇ ಇರ್ತಾರೆ. ಉತ್ತರಕ್ಕೆ ಮಾತ್ರ ಕಾಯಲ್ಲ."

"ಒಂದು ಸ್ಪ್ಯಾನರ್ ಕೊಡಿ, ನೋಡೋಣ."

ಅವನು ಸೀಟಿನಡಿಯಿಂದ ಗೋಣಿಚೀಲ ಎಳೆದು ಮೊಣಕೈತನಕ ಕೈ ಹಾಕಿದ. ಮೊದಲು ಯಾವುದೋ ಮಗುವಿನ ಕಾಲುಚೀಲ ಬಂತು, ಆಮೇಲೆ ಒಡೆದ ಕನ್ನಡಿ. ಸ್ಪ್ಯಾನರು ಬರುವಷ್ಟರಲ್ಲಿ ಇನ್ಸ್‌ಪೆಕ್ಟರ್ ಹೊರಟಿದ್ದರು.

*

ಡಾಕ್ಟರ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಕುರ್ಚಿಯ ಪಕ್ಕದಲ್ಲಿ ಸ್ಟೀಲಿನ ತಟ್ಟೆ. ಅದರಲ್ಲಿ ಇಕ್ಕಳ, ಕೊಕ್ಕೆ, ಪುಟ್ಟ ಕನ್ನಡಿ. ಸಾಲಾಗಿ. ಹಿಡಿ ಈ ಕಡೆ, ಮೊನೆ ಆ ಕಡೆ.

"ಹೀಗೇ ಇಡಬೇಕಾ ಡಾಕ್ಟ್ರೇ?"

"ಮತ್ತೆ? ಕೈ ಚಾಚಿದ್ರೆ ಬೇಕಾದ್ದೇ ಸಿಗಬೇಕು."

"ಕಾರಿನ ಕೆಲಸಕ್ಕೂ ಇದೇ ಕ್ರಮವಾ?"

"ಕೆಲಸ ಯಾವುದಾದ್ರೇನು, ಕ್ರಮ ಒಂದೇ."

"ಕಾರಿನ ಕೆಳಗೆ ಕತ್ತಲೆ. ಟಾರ್ಚ್ ಹಿಡೀತಿದ್ದಿದ್ದು, ಸಾಮಾನು ಕೊಡ್ತಿದ್ದಿದ್ದು ಯಾರು?"

"ಯಾರೋ ಒಬ್ರು ಹಿಡೀತಾರೆ ಬಿಡಿ. ಅದೇನು ವಿದ್ಯೆಯಾ?"

"ಹನ್ನೊಂದು ಗಂಟೆಗೆ ಇಲ್ಲಿ ಏನಿದೆ?"

ಡಾಕ್ಟರು ತಡವರಿಸಿದರು. "ಗುಜರಿಯವನು ಬರ್ತಾನೆ. ರೋಸಿಹೋಗಿ ಕಾರನ್ನ ಅವನಿಗೆ ಒಪ್ಪಿಸಿದ್ದೆ. ಇಲ್ಲೇ ಬಿಚ್ಚಿ ಒಯ್ಯೋನಿದ್ದ."

ಒಳಗಿನಿಂದ ಡಾಕ್ಟರ ಹೆಂಡತಿ ಕಾಫಿ ತಂದರು. ಇನ್ಸ್‌ಪೆಕ್ಟರ್ ಲೋಟದ ಕಡೆ ನೋಡಲಿಲ್ಲ. ಬಾಗಿಲಿನತ್ತ ತಿರುಗಿ ಗಟ್ಟಿಯಾಗಿ ಹೇಳಿದರು: "ಸರಿ, ಡ್ರೈವರನ್ನ ಜೀಪಿಗೆ ಹತ್ತಿಸ್ರಿ."

"ಬೇಡ ಮೇಡಂ." ಹೆಂಡತಿ ಕಾಫಿಯ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಡ್ರೈವರ್ ಅಣ್ಣನ್ನ ಬಿಟ್ಟುಬಿಡಿ. ಕಾರು ತಗೊಂಡು ಹೋಗಿದ್ದು ನಾನು."

ಡಾಕ್ಟರು ನಕ್ಕರು. "ನೀನಾ? ರಿಪೇರಿ ಮಾಡಿದ್ದು ಯಾರು ಮತ್ತೆ?"

"ನಾನೇ."

"ನಿಂಗೇನು ಗೊತ್ತು ಅದೆಲ್ಲ?"

"ನೀವು ಬೈದಿದ್ದಷ್ಟೂ ಗೊತ್ತು. 'ಕೈಗಲ್ಲ, ನಟ್ಟಿಗೆ ಬೆಳಕು ಹಿಡಿ' ಅಂತೀರಿ. ಅಷ್ಟು ಹೊತ್ತು ನಟ್ಟನ್ನೇ ನೋಡ್ತಾ ಕೂತ್ರೆ ಕಲ್ಲಿಗೂ ಬುದ್ಧಿ ಬರುತ್ತೆ. ಒಂದು ಕೈಲಿ ಟಾರ್ಚು, ಇನ್ನೊಂದು ಕೈಲಿ ಫೋನಿನ ವಿಡಿಯೋ. ನೀವು ಅರ್ಧಕ್ಕೇ 'ಗೊತ್ತಾಯ್ತು' ಅಂತಿದ್ರಿ. ನಾನು ಕೊನೆತನಕ ನೋಡಿದೆ. ಬಡಿಯೋದಲ್ಲ, ಪುಲ್ಲರ್ ಬೇಕು ಅಂತ ಅದರಲ್ಲೇ ಹೇಳ್ತಾರೆ. ಅಣ್ಣನ ಹತ್ರ ಇತ್ತು. ನೀವು ಅವರ ಹತ್ರ ಮಾತೇ ಬಿಟ್ಟಿದ್ರಿ."

"ಕಾರು ಎಲ್ಲಿದೆ?" ಇನ್ಸ್‌ಪೆಕ್ಟರ್ ಕೇಳಿದರು.

"ಅಲೈನ್‌ಮೆಂಟ್ ಅಂಗಡಿ ಮುಂದೆ. ಜಾಯಿಂಟ್ ಬದಲಿಸಿದ ಮೇಲೆ ಚಕ್ರ ನೇರ ಮಾಡಿಸಬೇಕು. ನಿನ್ನೆ ಅವರಿಗೆ ರಜ. ಗುಜರಿಯವನು ಬರಿಗೈಲಿ ವಾಪಸ್ ಹೋಗೋತನಕ ಸುಮ್ಮನಿರೋಣ ಅಂತಿದ್ದೆ. ಇವರು ಅಣ್ಣನ ಮೇಲೆ ದೂರು ಕೊಡ್ತಾರೆ ಅಂತ ಕನಸಲ್ಲೂ ಎಣಿಸಿರಲಿಲ್ಲ."

"ಮೇಡಂಗೆ ಮೊದಲೇ ಗೊತ್ತಿತ್ತಾ?" ಕಾನ್‌ಸ್ಟೇಬಲ್ ಕಣ್ಣರಳಿಸಿದ.

"ಮುಕ್ಕಾಲು ಗೊತ್ತಿತ್ತು. ಡ್ರೈವರ ಚೀಲ ನೋಡಿದ್ರಲ್ಲ? ಅಂಥವನು ಸಾಮಾನು ಒರೆಸಿ ಸಾಲಾಗಿ ಇಡ್ತಾನಾ? ಶೆಡ್ಡಿನ ಟವೆಲ್ಲೂ ಈ ತಟ್ಟೆಯೂ ಅವಳಿಜವಳಿ. ಆ ಕ್ರಮ ಗೊತ್ತಿರೋದು ಇಬ್ಬರಿಗೆ: ಕೈ ಚಾಚಿದವರಿಗೆ, ಕೈಗೆ ಕೊಟ್ಟವರಿಗೆ. ಕೈ ಚಾಚಿದವರಿಗೆ ಜಾಯಿಂಟು ಬಗ್ಗಲಿಲ್ಲ." ಆಕೆ ಡಾಕ್ಟರತ್ತ ತಿರುಗಿದರು. "ದೀಪದ ಬುಡದಲ್ಲಿ ಕತ್ತಲೆ ಅಂತಾರೆ. ದೀಪ ಹಿಡಿದವರನ್ನೇ ನೀವು ನೋಡಲಿಲ್ಲ."

"ಆದ್ರೂ ಕಳ್ಳತನ ಕಳ್ಳತನವೇ ತಾನೆ?"

"ಕಾರು ಯಾರದು?"

"ನಮ್ಮದು."

"ಯಾರ ಹೆಸರಲ್ಲಿದೆ ಅಂತ ಕೇಳಿದೆ."

ಊರಿನವರ ಬಾಯೆಲ್ಲ ತೆರೆಸಿದ ಡಾಕ್ಟರ ಬಾಯಿ ತಾನಾಗಿ ತೆರೆಯಿತು.

"ಮದುವೆಗೆ ಮುಂಚೆ ನಾನು ಕೊಂಡಿದ್ದು," ಎಂದರು ಹೆಂಡತಿ. "ಡ್ರೈವಿಂಗ್ ಕಲಿತಿದ್ದೂ ಅದರಲ್ಲೇ."

"ಇನ್ನೊಬ್ಬರ ಕಾರನ್ನ ಕೇಳದೆ ಗುಜರಿಗೆ ಹಾಕೋಕೆ ಹೊರಟವರಿಗೆ ಏನಂತಾರೆ ಡಾಕ್ಟ್ರೇ? ಕಳ್ಳ ಸಿಕ್ಕಿದ್ದಾನೆ. ದೂರು ವಾಪಸ್ ತಗೋತೀರೋ, ಮುಂದುವರಿಸಲೋ?" ಆಕೆ ತಣ್ಣಗಾದ ಕಾಫಿ ಎತ್ತಿಕೊಂಡರು. "ರಾತ್ರಿಯೇ ಇವರನ್ನ ಒಂದು ಮಾತು ಕೇಳಬಹುದಿತ್ತು."

"ಕೇಳಿದ್ರು," ಎಂದರು ಹೆಂಡತಿ. "ಊಟಕ್ಕೇನು ಅಂತ."

ಹೊರಗೆ ಗುಜರಿಯವನು ಗೇಟು ತಟ್ಟುತ್ತಿದ್ದ. ಡಾಕ್ಟರು ಅವನನ್ನು ಸಾಗಹಾಕಿ, ಪುಲ್ಲರ್ ಹಿಡಿದು ಪಕ್ಕದ ಮನೆಗೆ ನಡೆದರು. ಇನ್ಸ್‌ಪೆಕ್ಟರ್ ಕಿಟಕಿಯಿಂದ ನೋಡುತ್ತಿದ್ದರು.

ಡಾಕ್ಟರು ಪುಲ್ಲರನ್ನು ಚಾಚಿದರು. ಹಿಡಿ ಅವನ ಕಡೆ, ಮೊನೆ ತಮ್ಮ ಕಡೆ. ಕ್ಷಮಿಸಪ್ಪ ಎಂಬಂಥದ್ದೇನೋ ಗೊಣಗಿದರು.

ಡ್ರೈವರು ಅದನ್ನು ಗೋಣಿಚೀಲಕ್ಕೆ ಎಸೆದ. ಆಮೇಲೆ ಅವರ ಮುಖವನ್ನೇ ನೋಡುತ್ತ ಕೇಳಿದ:

"ನೋವಾಯ್ತಾ ಡಾಕ್ಟ್ರೇ?"

ಕೇಳಿ, ಉತ್ತರಕ್ಕೆ ಕಾದ.

"ಸ್ವಲ್ಪ," ಎಂದರು ಡಾಕ್ಟರು.