ರದ್ದಾದ ಅಳತೆಗಳು

ಮಂಗಳವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಠಾಣೆಗೆ ಬಂದ ದೂರು ಎರಡೇ ಸಾಲಿನದು. ಸಮವಸ್ತ್ರ ಹೊಲಿಯುವ ಕಾರ್ಖಾನೆಯ ಕಟಿಂಗ್ ಕೋಣೆಯಿಂದ ಹಳೆಯ ಕಂಪ್ಯೂಟರೊಂದರ ಸಿಪಿಯು ಕಳುವಾಗಿದೆ. ಅದನ್ನು ಒಯ್ದವನು ರಿಪೇರಿಯವನು. ಎರಡನೆಯ ಸಾಲನ್ನು ಕಾರ್ಖಾನೆಯ ಮಾಲಕಿ ಮೇಜಿನ ಮೇಲೆ ಬೆರಳು ಕುಟ್ಟಿ ಬರೆಸಿದ್ದರು.

ಇನ್ಸ್‌ಪೆಕ್ಟರ್ ಐವತ್ತು ಸಮೀಪಿಸಿದ ಹೆಂಗಸು. ಎಫ್‌ಐಆರ್‌ಗೆ ಸಹಿ ಹಾಕುತ್ತಾ ಅವರು, ಆ ಕೋಣೆಯಲ್ಲಿ ಬೇರೆ ಏನೇನಿತ್ತು ಎಂದು ಕೇಳಿದರು. ಹೊಸ ಕಂಪ್ಯೂಟರ್ ಇತ್ತು, ಒಂದು ಲ್ಯಾಪ್‌ಟಾಪ್ ಇತ್ತು, ಎರಡೂ ಹಾಗೇ ಇವೆ ಎಂದರು ಮಾಲಕಿ. ಒಳ್ಳೆಯದನ್ನೆಲ್ಲ ಬಿಟ್ಟು ಮೂಲೆಗೆ ಬಿದ್ದದ್ದನ್ನು ಹೊತ್ತೊಯ್ಯುವ ಕಳ್ಳನನ್ನು ಇನ್ಸ್‌ಪೆಕ್ಟರ್ ತಮ್ಮ ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ಕಂಡಿರಲಿಲ್ಲ.

ಹನ್ನೆರಡೂ ಹದಿನೈದಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಜೊತೆಗೆ ಬಂದಿದ್ದ ಹೆಡ್ ಕಾನ್‌ಸ್ಟೆಬಲ್‌ಗೆ ಠಾಣೆಯಲ್ಲಿ ವೈರಪ್ಪ ಎಂದೇ ಹೆಸರು. ಕೆಟ್ಟ ಫ್ಯಾನಿನಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲದರ ಹೊಟ್ಟೆ ಬಗೆದು ನೋಡುವ ಆಸಾಮಿ. ಕೋಣೆಗೆ ಒಂದೇ ಬಾಗಿಲು. ಕಿಟಕಿಗಳಿಗೆ ಸರಳು. ನಡುವೆ ಉದ್ದನೆಯ ಕಟಿಂಗ್ ಟೇಬಲ್, ಅದರ ಕೆಳಗೆ ನೆಲದಿಂದ ಹಲಗೆಯವರೆಗೆ ಒತ್ತೊತ್ತಾಗಿ ಪೇರಿಸಿದ ಬಟ್ಟೆಯ ಥಾನುಗಳು. ಮೂಲೆಯ ಮೇಜಿನ ಮೇಲೆ ಧೂಳಿನ ನಡುವೆ ಸಿಪಿಯು ಇದ್ದಷ್ಟು ಜಾಗ ಮಾತ್ರ ಚೊಕ್ಕವಾಗಿ ಉಳಿದಿತ್ತು. ವೈರಪ್ಪ ಅದನ್ನು ಟೇಪಿನಿಂದ ಅಳೆದು ಬರೆದುಕೊಂಡ.

ಮೇಜಿನ ಮೇಲಿನ ಗೋಡೆಗೆ ಒಂದು ಕಾಗದ ಅಂಟಿಸಿತ್ತು. ರಿಪೇರಿಯವನ ದುಂಡು ಅಕ್ಷರ. 'ಫೋನಿಗೆ ವೈರ್ ಹಾಕಿ. ಫೋನ್ ಕೇಳಿದಾಗ ಫೈಲ್ ವರ್ಗಾವಣೆ ಒತ್ತಿ, ಇಲ್ಲದಿದ್ದರೆ ಬರೀ ಚಾರ್ಜ್ ಆಗುತ್ತೆ. ಫೋನಿನ ಹೆಸರು ಕಾಣೋವರೆಗೆ ಕಾಯಿರಿ. ಇದು ಮುದುಕ, ಅವಸರ ಮಾಡಬೇಡಿ.'

ಆ ಮುದುಕನಿಗೆ ಭಾರದ ಸಿಸ್ಟಂ ತಡೆಯದು ಎಂದು ರಿಪೇರಿಯವನು ಮೂರು ವರ್ಷದ ಹಿಂದೆ ಹಗುರವಾದದ್ದೊಂದನ್ನು ಹಾಕಿಕೊಟ್ಟಿದ್ದನಂತೆ. ಕಾಗದದ ಮೇಲೆ ಬರೆದ ಉಡುಪಿನ ಅಳತೆಗಳನ್ನು ಫೋನಿನಲ್ಲಿ ಫೋಟೊ ತೆಗೆಯುವುದು, ವೈರಿನಲ್ಲಿ ಕಂಪ್ಯೂಟರಿಗೆ ಇಳಿಸುವುದು, ಅಲ್ಲಿ ಪ್ಯಾಟರ್ನ್ ಬಿಡಿಸುವುದು. ಈ ಕೆಲಸ ಮಾಡುತ್ತಿದ್ದವಳು ಒಬ್ಬಳೇ. ಎಲ್ಲರೂ ಅವಳನ್ನು ಕತ್ತರಿಯಕ್ಕ ಎನ್ನುತ್ತಿದ್ದರು. ಮಾಲಕಿಯ ತಮ್ಮನ ಹೆಂಡತಿ.

"ಮನೇಲಿ ಸುಮ್ನೆ ಕೂತಿರೋ ಬದಲು ನನ್ನ ಕಣ್ಣೆದುರಿಗೇ ಇರ್ಲಿ ಅಂತ ತಮ್ಮನೇ ತಂದುಬಿಟ್ಟ," ಎಂದರು ಮಾಲಕಿ. "ಅವಳು ಇಲ್ಲಿಂದ ಹೊರಟ ತಕ್ಷಣ ನಾನು ಅವನಿಗೊಂದು ಮೆಸೇಜ್ ಹಾಕ್ಬೇಕು. ಹೊರಟಳು ಅಂತ. ಅಷ್ಟು ಪ್ರೀತಿ."

ಕತ್ತರಿಯಕ್ಕ ತಲೆ ಎತ್ತಲಿಲ್ಲ. ಮೂವತ್ತೈದರ ಆಸುಪಾಸು, ಕೊರಳಿಗೆ ಜೋತುಬಿದ್ದ ಅಳತೆ ಟೇಪು. ಈ ಮುಖವನ್ನು ಎಲ್ಲೋ ನೋಡಿದ್ದೇನೆ ಎಂದು ಇನ್ಸ್‌ಪೆಕ್ಟರ್‌ಗೆ ಅನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

ಅವರು ಫೈಲ್ ಇಳಿಸುವುದು ಹೇಗೆಂದು ತೋರಿಸಲು ಹೇಳಿದರು. ಅವಳು ಹೊಸ ಕಂಪ್ಯೂಟರಿನದೇ ವೈರಿಗೆ ತನ್ನ ಫೋನ್ ಸಿಕ್ಕಿಸಿ ಒಂದು ತೋಳಿನ ಅಳತೆಯ ಫೋಟೊ ಇಳಿಸಿದಳು. ಮರುಕ್ಷಣವೇ ಮಾಲಕಿಯ ಕೈಯಲ್ಲಿದ್ದ ಫೋನು ಟಿಣ್ ಎಂದಿತು. ಮಾಲಕಿ ನಕ್ಕು, ಹೊಸದರಲ್ಲಿ ಇದೇ ಅನುಕೂಲ, ಯಾರು ಏನು ಹಾಕಿದರೂ ನನ್ನ ಫೋನಿಗೆ ಬಂದುಬಿಡುತ್ತದೆ ಎಂದು ವಿವರಿಸಿದರು.

"ಹಳೇದರಲ್ಲಿ?" ಇನ್ಸ್‌ಪೆಕ್ಟರ್ ಕತ್ತರಿಯಕ್ಕನನ್ನೇ ಕೇಳಿದರು.

"ಅದರಲ್ಲಿ ಹಾಕಿದ್ದು ಅಲ್ಲೇ ಇರ್ತಿತ್ತು, ಮೇಡಂ."

ಅಷ್ಟು ಹೇಳಿ ಅವಳು ವೈರು ಕಿತ್ತಳು.

ರಿಪೇರಿಯವನ ಮೇಲೆ ಸಂಶಯಪಡಲು ಕಾರಣಗಳಿಗೆ ಕೊರತೆಯಿರಲಿಲ್ಲ. ಹಳೆಯದನ್ನು ಮಂಗಳವಾರ ಹತ್ತಕ್ಕೆ ಗುಜರಿಯವನಿಗೆ ಕೊಡುವುದೆಂದು ಮಾಲಕಿ ಶನಿವಾರವೇ ಸಾರಿದ್ದರು. ಅದಕ್ಕೆ ಮೊದಲು ಒಳಗಿರುವುದನ್ನೆಲ್ಲ ಅಳಿಸುವ ಕೆಲಸ ಅವನದು. ಸೋಮವಾರ ಸಂಜೆ ನಾಲ್ಕಕ್ಕೆ ದೊಡ್ಡ ಚೀಲ ಹೊತ್ತು ಬಂದಿದ್ದ. ಕರೆಂಟು ಹೋಗಿದ್ದರಿಂದ, ನಾಳೆ ಒಂಬತ್ತಕ್ಕೆ ಬಂದು ಅಳಿಸುತ್ತೇನೆ ಎಂದು ಐದಕ್ಕೆ ಹೊರಟುಹೋಗಿದ್ದ. ಕೆಲಸದ ಹೆಂಗಸರ ಚೀಲಗಳನ್ನು ಗೇಟಿನಲ್ಲಿ ದಿನವೂ ಕೊಡವಿ ನೋಡುತ್ತಾರೆ. ಹೊರಗಿನವನೆಂದು ಅವನ ಚೀಲವನ್ನು ಯಾರೂ ನೋಡಿರಲಿಲ್ಲ.

ಒಂದೂವರೆಗೆ ಅವನನ್ನು ಠಾಣೆಗೆ ಕರೆಸಿದರು. ಒಂದೊಂದು ಮಾತಿಗೂ ಬನಿಯನ್ನಿನ ಅಂಚಿನಿಂದ ಬೆವರು ಒರೆಸಿಕೊಳ್ಳುವ ನಡುವಯಸ್ಸಿನ ಮನುಷ್ಯ.

"ಸಿಪಿಯು ಎಲ್ಲಿ?"

"ಗೊತ್ತಿಲ್ಲ ಮೇಡಂ."

"ಅದನ್ನ ನನಗೇ ಕೊಡಿ ಅಂತ ಕೇಳಿದ್ದೆಯಂತೆ."

"ಕೇಳಿದ್ದೆ. ಆ ಅಕ್ಕ ಅದರ ಹತ್ರ ಮಗು ಹತ್ರ ಮಾತಾಡೋ ಹಾಗೆ ಮಾತಾಡೋರು, ಗುಜರಿಗೆ ಹೋಗೋದು ನೋಡೋಕಾಗಲಿಲ್ಲ. ಕದಿಯೋದೇ ಆದ್ರೆ ಲ್ಯಾಪ್‌ಟಾಪ್ ಕದೀತಿರ್ಲಿಲ್ವಾ? ನನ್ನ ತಲೇಲೇನು ಜೇಡಿ ಮಣ್ಣು ತುಂಬಿದೆಯಾ?"

ನಾಲ್ಕು ಗಂಟೆಗೆ ಮೇಲಧಿಕಾರಿಯ ಫೋನು ಬಂತು. ಮಾಲಕಿ ಅಲ್ಲಿಗೂ ಹೇಳಿ ಮುಟ್ಟಿಸಿದ್ದರು. ಇಷ್ಟು ಸಣ್ಣ ಕೇಸನ್ನು ಎಳೆಯುವುದೇಕೆ, ನಾಳೆ ಮಧ್ಯಾಹ್ನ ಎರಡಕ್ಕೆ ಅವನನ್ನು ದಸ್ತಗಿರಿ ಮಾಡಿ ಮುಗಿಸಿ ಎಂದು ಆದೇಶವಾಯಿತು. ಬುಧವಾರ ಎರಡಕ್ಕೆ ಹಾಜರಾಗುವಂತೆ ಬರೆಸಿಕೊಂಡು ರಿಪೇರಿಯವನನ್ನು ಕಳಿಸಿದರು. ಹೊಸ್ತಿಲಲ್ಲಿ ನಿಂತು ಅವನು, ಒಮ್ಮೆ ಕಳ್ಳ ಎನಿಸಿಕೊಂಡರೆ ಇನ್ನು ಯಾರ ಮನೆಯ ಬಾಗಿಲೂ ನನಗೆ ತೆರೆಯುವುದಿಲ್ಲ ಮೇಡಂ ಎಂದು ಮೆಲ್ಲಗೆ ಹೇಳಿ ಹೋದ.

ವೈರಪ್ಪ ಪಂಚನಾಮೆಯನ್ನು ಮತ್ತೊಮ್ಮೆ ಓದಿ ತಲೆ ಕೆರೆದುಕೊಂಡ. ಕೀಬೋರ್ಡ್ ಇದೆ, ಮೌಸ್ ಇದೆ, ಕರೆಂಟಿನ ವೈರೂ ಇದೆ. ಇಲ್ಲದ್ದು ಎಂದರೆ ಮೇಜಿನ ಕಾಲಿಗೆ ಕಟ್ಟಿದ್ದ ಫೋನಿನ ಹಳೆಯ ವೈರು ಮಾತ್ರ. ಅಂಥವು ರಿಪೇರಿಯವನ ಅಂಗಡಿಯಲ್ಲಿ ಬುಟ್ಟಿಗಟ್ಟಲೆ ಬಿದ್ದಿವೆ.

"ಆ ವೈರು ಬೇಕಾಗಿರೋದು ಬೇರೆ ವೈರು ಸಿಗದೇ ಇರೋರಿಗೆ," ಎಂದ ಅವನು.

ವೈರು ಕಿತ್ತ ಕತ್ತರಿಯಕ್ಕನ ಮುಖ, ಅದನ್ನು ನೋಡಿದ್ದು ಈ ಠಾಣೆಯಲ್ಲೇ ಎಂಬ ಅನುಮಾನ, ಎರಡೂ ಒಟ್ಟಿಗೇ ಬಂದವು. ಇನ್ಸ್‌ಪೆಕ್ಟರ್ ಎದ್ದು ಹಳೆಯ ಠಾಣಾ ದಿನಚರಿಗಳ ಕಪಾಟು ತೆರೆದರು. ಬೇಕಾದ ಪುಟ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಎಂಟು ತಿಂಗಳ ಹಿಂದಿನದು, ಮಧ್ಯಾಹ್ನ ಮೂರೂ ಹತ್ತು. 'ಹೆಂಗಸೊಬ್ಬಳು ಬಂದು ಗಂಡ ಕೂಡಿಹಾಕುತ್ತಾನೆಂದು ಮೌಖಿಕವಾಗಿ ತಿಳಿಸಿದ್ದು, ಮೈಮೇಲೆ ಗಾಯವಿರುವುದಿಲ್ಲ. ಸಾಕ್ಷಿ ಇದ್ದಲ್ಲಿ ತರುವಂತೆ ತಿಳಿಹೇಳಿ ಕಳುಹಿಸಲಾಗಿದೆ.' ಅಕ್ಷರ ಅವರದೇ.

ಈಗ ಎಲ್ಲ ನೆನಪಾಯಿತು. ಅಂದು ಯಾವುದೋ ಬಂದೋಬಸ್ತಿಗೆ ಹೊರಡುವ ಗಡಿಬಿಡಿ. ನೂಲು ತರಲು ಕಳಿಸಿದ್ದಾರೆ, ಇಪ್ಪತ್ತೇ ನಿಮಿಷ ಇದೆ ಎಂದು ಅವಳು ನಿಂತೇ ಮಾತಾಡಿದ್ದಳು. ಇವರು ಟೋಪಿ ಸರಿಪಡಿಸಿಕೊಳ್ಳುತ್ತಾ, ಸಾಕ್ಷಿ ತಗೊಂಡು ಬಾಮ್ಮ, ನೋಡೋಣ ಎಂದಿದ್ದರು. ಒರಟಾಗಿಯೇನೂ ಹೇಳಿರಲಿಲ್ಲ; ಒಳ್ಳೆಯ ಮಾತಿನಲ್ಲೇ ಹೇಳಿ ಕಳಿಸಿದ್ದರು. ಆ ಒಳ್ಳೆಯತನವೇ ಈಗ ಚುಚ್ಚಿತು. ಆಮೇಲೆ ಒಮ್ಮೆಯೂ ಆ ಮುಖ ನೆನಪಾಗಿರಲಿಲ್ಲವಲ್ಲ ಎಂದುಕೊಂಡರು.

ಬುಧವಾರ ಬೆಳಿಗ್ಗೆ ಹತ್ತೂವರೆ. ಕಟಿಂಗ್ ಕೋಣೆಗೆ ಬಂದುಹೋಗುವವರೆಲ್ಲರ ಬೆರಳಚ್ಚು ಬೇಕು, ಬಾಗಿಲು ಹಾಕಿ ಒಬ್ಬೊಬ್ಬರನ್ನೇ ಕರೆಯುವುದು ನಿಯಮ ಎಂದು ಇನ್ಸ್‌ಪೆಕ್ಟರ್ ಹೇಳಿದರು. ಅಂಥ ನಿಯಮ ಯಾವ ಪುಸ್ತಕದಲ್ಲೂ ಇರಲಿಲ್ಲ. ಮಾಲಕಿಯದೇ ಮೊದಲು ತೆಗೆದರು, ಅನುಮಾನ ಬಾರದಿರಲೆಂದು. ಎಂಟನೆಯವಳು ಕತ್ತರಿಯಕ್ಕ.

ಅವಳ ಬೆರಳನ್ನು ಶಾಯಿಗೆ ಒತ್ತುತ್ತಾ ಇನ್ಸ್‌ಪೆಕ್ಟರ್ ದನಿ ತಗ್ಗಿಸಿದರು. "ನೀನು ಠಾಣೆಗೆ ಬಂದಿದ್ದೆ. ನನಗೆ ಮರೆತುಹೋಗಿತ್ತು."

ಅವಳು ಮುಂದಿನ ಬೆರಳು ಚಾಚಿದಳು.

"ಸಿಪಿಯು ಈ ಕೋಣೆ ಬಿಟ್ಟು ಹೋಗಿಲ್ಲ, ಅಲ್ವಾ?"

"ರಿಪೇರಿಯಣ್ಣನ್ನ ಒಳಗೆ ಹಾಕ್ತೀರಾ?"

"ಇವತ್ತು ಎರಡು ಗಂಟೆಗೆ."

ಅವಳು ಕಣ್ಣು ಮುಚ್ಚಿದಳು. ಆ ಅಣ್ಣ ಏನೂ ಮಾಡಿಲ್ಲ ಮೇಡಂ ಎಂದಳು. ಆಮೇಲೆ ಒಂದೇ ಉಸಿರಿಗೆ, ಪಿಸುಮಾತಿನಲ್ಲಿ, ಬಾಗಿಲ ಕಡೆ ನೋಡುತ್ತಲೇ ಹೇಳಿ ಮುಗಿಸಿದಳು.

ಗಂಡ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಕೈ ಮಾಡುವುದಿಲ್ಲ, ದನಿ ಏರಿಸುವುದಿಲ್ಲ. ಅಕ್ಕನಿಂದ 'ಹೊರಟಳು' ಎಂದು ಬಂದ ಹೊತ್ತಿನಿಂದ ಗಡಿಯಾರ ನೋಡಿಕೊಂಡು ಕೂರುತ್ತಾನೆ. ದಾರಿ ಹದಿನೆಂಟು ನಿಮಿಷದ್ದು. ಮೇಲಾದ ಪ್ರತಿ ನಿಮಿಷಕ್ಕೆ ಹತ್ತು ನಿಮಿಷದಂತೆ ಬಚ್ಚಲಮನೆಗೆ ಹಾಕಿ ಹೊರಗಿನಿಂದ ಚಿಲಕ. ದೀಪದ ಸ್ವಿಚ್ಚು ಹೊರಗಿದೆ, ಅದನ್ನೂ ಆರಿಸುತ್ತಾನೆ. ಫೋನನ್ನು ಸಂಜೆ ಮೊದಲು ಪೂರ್ತಿ ತಪಾಸಣೆ ಮಾಡಿ, ಟಾರ್ಚಿಗೆ ಇರಲಿ ಎಂದು ಅವನೇ ಒಳಗೆ ಕೊಡುತ್ತಾನೆ. ಕರೆ, ಮೆಸೇಜ್, ಫೋಟೊ ಎಲ್ಲ ಅವನ ಫೋನಿನಲ್ಲೂ ಕಾಣುತ್ತದೆ. ದನಿ ಮುದ್ರಿಸಿಕೊಂಡದ್ದು ಮಾತ್ರ ಕಾಣುವುದಿಲ್ಲ. ಅವಳು ಕತ್ತಲಲ್ಲಿ ಅವನ ಮಾತನ್ನು ಮುದ್ರಿಸಿಕೊಳ್ಳುವಳು. ಬೆಳಿಗ್ಗೆ ಒಂಬತ್ತೂವರೆಗೆ ಅಳತೆಗಳ ಜೊತೆ ಮುದುಕನಿಗೆ ಇಳಿಸಿ ಫೋನಿನಿಂದ ಅಳಿಸುವಳು. ಯಾರೂ ತೆರೆಯದ 'ರದ್ದಾದ ಅಳತೆಗಳು' ಎಂಬ ಫೋಲ್ಡರಿನಲ್ಲಿ ಎಂಟು ತಿಂಗಳದ್ದು ಕೂತಿದೆ. ಪೆನ್‌ಡ್ರೈವ್‌ಗೆ ಹಾಕಿ ಒಯ್ಯೋಣವೆಂದರೆ ಗೇಟಿನಲ್ಲಿ ಗಂಡನ ಅಕ್ಕ, ಮನೆಯಲ್ಲಿ ಅವನು. ಸೋಮವಾರ ರಿಪೇರಿಯವನು ಹೊರಟ ಮೇಲೆ, ಎಲ್ಲರೂ ಚಹಾಕ್ಕೆ ಹೋದ ಹತ್ತು ನಿಮಿಷದಲ್ಲಿ ಸಿಪಿಯುವನ್ನು ಬೂದು ಲೈನಿಂಗ್ ಬಟ್ಟೆಯಲ್ಲಿ ಸುತ್ತಿ ಥಾನುಗಳ ನಡುವೆ ತುರುಕಿದ್ದಳು. ಮುಂದೇನು ಎಂದು ಯೋಚಿಸಿರಲಿಲ್ಲ.

"ನೀವು ಸಾಕ್ಷಿ ತಾ ಅಂದ್ರಿ, ಮೇಡಂ. ತರೋ ದಾರಿ ಹೇಳಲಿಲ್ಲ."

ಇನ್ಸ್‌ಪೆಕ್ಟರ್ ಅವಳ ಬೆರಳಿನ ಶಾಯಿಯನ್ನು ತಮ್ಮ ಕರವಸ್ತ್ರದಲ್ಲೇ ಒರೆಸಿದರು. "ಹೊರಗೆ ಎಲ್ಲರೆದುರು ನಿನ್ನ ಮೇಲೆ ರೇಗ್ತೀನಿ. ತಡ್ಕೊ."

ಹನ್ನೊಂದೂವರೆಗೆ ಪಂಚರ ಎದುರು ಥಾನುಗಳನ್ನು ಒಂದೊಂದಾಗಿ ಹೊರಗೆಳೆದರು. ಕೆಳಗಿನ ಸಾಲಿನ ನಾಲ್ಕನೆಯದನ್ನು ಎತ್ತಿದ ವೈರಪ್ಪ, ಈ ಬಟ್ಟೆಗೆ ಮೂಳೆ ಇದೆ ಮೇಡಂ ಎಂದ. ಲೈನಿಂಗ್ ಬಿಚ್ಚಿದಾಗ ಸಿಪಿಯು, ಅದರ ಸೊಂಟಕ್ಕೆ ಸುತ್ತಿದ ಫೋನಿನ ವೈರು.

ಬಚ್ಚಿಟ್ಟವಳು ಯಾರೆಂದು ಇನ್ಸ್‌ಪೆಕ್ಟರ್ ಹೇಳಿದಾಗ ಮಾಲಕಿಯ ಮುಖ ಬಿಳಿಚಿತು. ವಸ್ತು ಸಿಕ್ಕಿತಲ್ಲ, ಮನೆಯ ಮಾತು ಮನೆಯಲ್ಲೇ ಇರಲಿ, ಕೇಸು ಬೇಡ ಎಂದು ಅಂಗಲಾಚಿದರು.

"ಎಫ್‌ಐಆರ್ ಆಗಿದೆ ಅಮ್ಮ, ನೀವೇ ಬರೆಸಿದ್ದು. ಈಗ ಇದು ಮುದ್ದೆಮಾಲು. ಕೋರ್ಟಿಗೆ ಹೋಗಬೇಕು," ಎಂದು ಇನ್ಸ್‌ಪೆಕ್ಟರ್ ಗದರಿದರು. ಕತ್ತರಿಯಕ್ಕನ ಕಡೆ ತಿರುಗಿ, ನಡಿ ಠಾಣೆಗೆ ಎಂದು ಇನ್ನೂ ಜೋರಾಗಿ ಗದರಿದರು.

ವೈರಪ್ಪ ಸಿಪಿಯುವನ್ನು ಹೆಗಲಿಗೇರಿಸಿ ಗೇಟು ದಾಟಿದ. ಅದರ ಹಿಂದೆ ಕತ್ತರಿಯಕ್ಕ. ಅವಳ ಚೀಲವನ್ನು ಅಂದು ಯಾರೂ ನೋಡಲಿಲ್ಲ. ಗೇಟಿನಲ್ಲಿ ನಿಂತ ಮಾಲಕಿಯ ಹೆಬ್ಬೆರಳು ಅಭ್ಯಾಸಬಲದಿಂದ ಫೋನಿನ ಮೇಲೆ ಓಡಿತು. ಏನು ಬರೆದರೆಂದು ಇನ್ಸ್‌ಪೆಕ್ಟರ್ ನೋಡಬೇಕಾಗಿರಲಿಲ್ಲ.

ಠಾಣೆಯ ಹಿಂದಿನ ಕೋಣೆಯಲ್ಲಿ ವೈರಪ್ಪ ಸಿಪಿಯುಗೆ ಪರದೆ ಜೋಡಿಸಿದ. ಮುದುಕ ಕೆಮ್ಮಿದಂತೆ ಸದ್ದು ಮಾಡಿ ಎದ್ದಿತು. ಫೋಲ್ಡರಿನಲ್ಲಿ ನೂರ ಅರವತ್ತಮೂರು ದನಿ ಮುದ್ರಣಗಳಿದ್ದವು, ದಿನಾಂಕ ವೇಳೆ ಸಮೇತ. ಮೊದಲನೆಯದನ್ನು ಹಾಕಿದಾಗ ಚಿಲಕದ ಸದ್ದು. ಬಳಿಕ ಗಂಡಸಿನ ದನಿ, ಮಗ್ಗಿ ಹೇಳಿಕೊಡುವವರ ಸಮಾಧಾನದಲ್ಲಿ. "ಏಳು ನಿಮಿಷ ಲೇಟು. ಏಳು ಹತ್ತಲಿ ಎಷ್ಟು? ನೀನೇ ಹೇಳು." ಒಳಗಿನಿಂದ ಹೆಂಗಸಿನ ದನಿ ಉತ್ತರ ಹೇಳಿತು. ಆಮೇಲೆ ಎಪ್ಪತ್ತು ನಿಮಿಷ, ವೈರಪ್ಪ ಎಲ್ಲಿಗೆ ಓಡಿಸಿ ನೋಡಿದರೂ, ನಲ್ಲಿಯ ಹನಿ.

ಕತ್ತರಿಯಕ್ಕನ ದೂರು ಹನ್ನೆರಡೂ ಐವತ್ತಕ್ಕೆ ಎರಡನೆಯ ಎಫ್‌ಐಆರ್ ಆಗಿ ದಾಖಲಾಯಿತು.

ಒಂದೂ ಹತ್ತಕ್ಕೆ ಗಂಡನೇ ಠಾಣೆಗೆ ಬಂದ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಗಾಜು ಒರೆಸುವ ಹಳದಿ ಬಟ್ಟೆ. ಇನ್ಸ್‌ಪೆಕ್ಟರ್‌ಗೆ ಕೈ ಮುಗಿದು, ನಮ್ಮವಳಿಗೆ ಸ್ವಲ್ಪ ತಿಳಿವಳಿಕೆ ಕಡಿಮೆ, ಕ್ಷಮಿಸಿ, ಕರೆದುಕೊಂಡು ಹೋಗುತ್ತೇನೆ ಎಂದ. ಹೇಳುತ್ತಲೇ ಗೋಡೆಯ ಗಡಿಯಾರ ನೋಡಿದ.

"ಅವಳು ಹೊರಟು ಎಷ್ಟು ಹೊತ್ತಾಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ಒಂದು ಗಂಟೆ ಎಂಟು ನಿಮಿಷ."

"ಲೆಕ್ಕ ಚೆನ್ನಾಗಿ ಇಟ್ಟಿದ್ದೀರಿ."

ಆಗ ಹಿಂದಿನ ಕೋಣೆಯಿಂದ ಅವನದೇ ದನಿ ಕೇಳಿತು. ವೈರಪ್ಪ ಐದನೆಯ ಮುದ್ರಣದಲ್ಲಿದ್ದ. ಗಂಡ ಕತ್ತು ಚಾಚಿ ಆಲಿಸಿದ, ಪರಿಚಯದವರು ಕರೆದಂತೆ.

"ಇದು ಹೇಗೆ ಬಂತು? ಅವಳ ಫೋನನ್ನ ನಾನು ದಿನಾ ನೋಡ್ತೀನಲ್ಲ."

"ಒಂಬತ್ತೂವರೆಗೆ ನೋಡ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರ್. ದಸ್ತಗಿರಿ ಪತ್ರದಲ್ಲಿ ವೇಳೆ ಬರೆದರು: ಒಂದೂ ಇಪ್ಪತ್ತೆರಡು.

ಎರಡು ಗಂಟೆಗೆ ಸರಿಯಾಗಿ ರಿಪೇರಿಯವನು ಹಾಜರಾದ, ಬಟ್ಟೆಯ ಚಿಕ್ಕ ಗಂಟಿನೊಂದಿಗೆ. ಜೈಲಿಗೆ ಬೇಕಾಗುತ್ತದೆಂದು ಕಟ್ಟಿಕೊಂಡು ಬಂದಿದ್ದನಂತೆ. ಮನೆಗೆ ಹೋಗು ಎಂದಾಗ ಅವನಿಗೆ ಕೂಡಲೇ ಅರ್ಥವಾಗಲಿಲ್ಲ. ಕಿಟಕಿಯ ಪಕ್ಕದ ಬೆಂಚಿನಲ್ಲಿ ಕತ್ತರಿಯಕ್ಕ ಕೂತಿದ್ದಳು. ತಂಗಿ ಬಂದು ಕರೆದೊಯ್ಯಲು ಸಂಜೆಯಾಗುತ್ತದೆ ಎಂದು ಅವಳಿಗೆ ತಿಳಿಸಿದ್ದರು. ಆದರೂ ಐದು ನಿಮಿಷಕ್ಕೊಮ್ಮೆ ಅವಳು ಬೆಚ್ಚಿ ಗಡಿಯಾರ ನೋಡುತ್ತಿದ್ದಳು.

ಇನ್ಸ್‌ಪೆಕ್ಟರ್ ಮೊದಲ ಕೇಸಿನ ಅಂತಿಮ ವರದಿಗೆ ಕೂತರು. ವಸ್ತು ಕಾರ್ಖಾನೆಯೊಳಗೇ ದೊರೆತಿರುತ್ತದೆ, ಕಳವಿನ ಉದ್ದೇಶ ಕಂಡುಬಂದಿಲ್ಲ. ಹಾಗಾದರೆ ಬಚ್ಚಿಟ್ಟ ಕಾರಣ? ಆ ಜಾಗದಲ್ಲಿ ಪೆನ್ನು ತುಸು ಹೊತ್ತು ನಿಂತಿತು. ಹಳೆಯ ದಿನಚರಿಯನ್ನು ಪಕ್ಕಕ್ಕೆ ಎಳೆದುಕೊಂಡು, ಪುಟದ ಸಂಖ್ಯೆ ನೋಡಿ ಬರೆದರು.

ಹಿಂದೆ ನಿಂತು ಓದಿದ ವೈರಪ್ಪ, "ಮೇಡಂ, ಇದನ್ನ ಬರೆದ್ರೆ ನಿಮ್ಮ ಕೊರಳಿಗೇ ಬರುತ್ತೆ," ಎಂದ.

"ಬರಲಿ," ಎಂದು ಅವರು ಕಾಗದವನ್ನು ಶಾಯಿ ಆರಲು ಬಿಟ್ಟರು.

'ಎಂಟು ತಿಂಗಳ ಹಿಂದೆ ಸಾಕ್ಷಿ ತರುವಂತೆ ಈ ಠಾಣೆಯಲ್ಲಿ, ಕೆಳಗೆ ಸಹಿ ಮಾಡಿರುವ ಅಧಿಕಾರಿಯೇ ಆಕೆಗೆ ಹೇಳಿದ್ದು, ತರಲು ಬೇರೆ ದಾರಿ ಇಲ್ಲದ್ದರಿಂದ ಆಕೆ ಅದನ್ನು ಬಚ್ಚಿಟ್ಟಿರುತ್ತಾಳೆ.'