ಕಪ್ಪು ಕಾಗದದೊಳಗಿನ ಪ್ಲೇಟು

'ಯಾರೂ ನೋಡಿಲ್ಲ. ಆವತ್ತು ಲ್ಯಾಬಲ್ಲಿ ನಾನೊಬ್ಬಳೇ ಇದ್ದೆ.'

ಇಂಪನಾ ಮನಸ್ಸಿನೊಳಗೇ ಇದನ್ನು ಮತ್ತೆ ಮತ್ತೆ ಹೇಳಿಕೊಂಡಳು.

ಮೇಜಿನ ಮೇಲೆ ಎರಡು ಗಾಜಿನ ಪ್ಲೇಟುಗಳಿದ್ದವು. ಶಾಂತಲಾ ಮಿಸ್ ಎರಡನ್ನೂ ಬಗ್ಗಿ ನೋಡಿದರು. ಎರಡೂ ಒಂದೇ ಥರ ಕ್ಲೀನಾಗಿದ್ದವು.

"ಹೀಗಾಗೋ ಹಾಗೇ ಇಲ್ವಲ್ಲ," ಅಂದರು ಮಿಸ್.

ಎರಡಕ್ಕೂ ಜೆಲ್ಲಿ ಹಾಕಿ, ಮೊಸರಿನ ಬ್ಯಾಕ್ಟೀರಿಯಾ ಸವರಿ, ಮೇಲೆ ಹಳದಿ ದ್ರಾವಣ ಬಿಟ್ಟಿದ್ದರು. ಅದನ್ನು ಕೊಟ್ಟವಳು ಇಂಪನಾಳ ದೊಡ್ಡಪ್ಪನ ಮಗಳು ಸಂಧ್ಯಾ. ತುಮಕೂರಿನಲ್ಲಿ ಎಂ.ಎಸ್‌ಸಿ. ಓದುತ್ತಾಳೆ. ಅರಿಶಿನದ ಬಣ್ಣದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಕಣ ಮಾಡುವುದು ಅವಳ ಪ್ರಾಜೆಕ್ಟು; ದ್ರಾವಣದಲ್ಲಿದ್ದದ್ದು ಅವೇ.

"ಬೆಳಕು ಬಿದ್ರೇನೇ ಇವು ಎದ್ದು ಬ್ಯಾಕ್ಟೀರಿಯಾನ ಕೊಲ್ಲೋದು ಕಣೇ. ಕತ್ತಲಲ್ಲಿ ಸುಮ್ನೆ ನಿದ್ದೆ ಹೊಡೀತಿರ್ತವೆ," ಅಂದಿದ್ದಳು ಅಕ್ಕ.

ಅದಕ್ಕೇ ಒಂದು ಪ್ಲೇಟು ನೀಲಿ ಬಲ್ಬಿನ ಕೆಳಗೆ, ಇನ್ನೊಂದು ಕಪ್ಪು ಕಾಗದದೊಳಗೆ. ಕತ್ತಲಲ್ಲಿದ್ದ ಪ್ಲೇಟಿನ ತುಂಬ ಬ್ಯಾಕ್ಟೀರಿಯಾ ಬೆಳೆದು ಬಿಳಿ ಚುಕ್ಕಿ ಬರಬೇಕಿತ್ತು. ಒಂದೂ ಬಂದಿರಲಿಲ್ಲ.

ಇಂಪನಾಗೆ ಕಾರಣ ಗೊತ್ತಿತ್ತು. ಅಜ್ಜಿ ಹಾಲಿಗೆ ಹೆಪ್ಪು ಹಾಕಿಟ್ಟರೂ ಅವಳು ಮುಚ್ಚಳ ಸರಿಸಿ ಸರಿಸಿ ನೋಡುವವಳೇ. ಸೋಮವಾರ ಕಪ್ಪು ಕಾಗದ ಬಿಚ್ಚಿ, ಪ್ಲೇಟನ್ನು ಕಿಟಕಿಯ ಹತ್ತಿರ ಇಟ್ಟುಕೊಂಡು ನೋಡುತ್ತಿದ್ದಳು. ಅಷ್ಟರಲ್ಲಿ ಊಟದ ಬೆಲ್ ಹೊಡೆಯಿತು. ಪ್ಲೇಟನ್ನು ಅಲ್ಲೇ ಬಿಟ್ಟು, ಊಟದ ತಟ್ಟೆ ಹಿಡಿದು ಓಡಿಬಿಟ್ಟಳು. ಉಂಡು ಬರುವಷ್ಟರಲ್ಲಿ ಪ್ಲೇಟಿನ ಮೇಲೆ ಬಿಸಿಲು ಸುರಿಯುತ್ತಿತ್ತು. ಮತ್ತೆ ಸುತ್ತಿಟ್ಟಳು. ಯಾರಿಗೂ ಹೇಳಲಿಲ್ಲ.

"ಹನಿ ಬಿಟ್ಟಿದ್ದು ಯಾರು?" ಮಿಸ್ ಕೇಳಿದರು.

ಸಂತೋಷ್ ಎದ್ದು ನಿಂತ. "ನಾನೇ ಮಿಸ್. ಎರಡಕ್ಕೂ ಐದೈದೇ."

"ಸಾರಿಗೆ ಅರಿಶಿನ ಹಾಕ್ದಂಗೆ ಹಾಕಿರ್ತಾನೆ ಬಿಡಿ ಮಿಸ್," ಅಂದ ಅನಂತಕೃಷ್ಣ. ಹಿಂದಿನ ಬೆಂಚು ನಕ್ಕಿತು.

"ನೀನ್ ಸುಮ್ನಿರ್ಲಾ," ಸಂತೋಷ್ ಗೊಣಗಿದ.

"ಕತ್ತಲೆ ಪ್ಲೇಟಿಗೆ ಜಾಸ್ತಿ ಬಿದ್ದಿರಬೇಕು, ಅತಿಯಾದ್ರೆ ಕತ್ತಲಲ್ಲೂ ಕೊಲ್ಲುತ್ತೆ," ಅಂದರು ಮಿಸ್. "ನಾಳೆ ತುಮಕೂರಲ್ಲಿ ವಿಜ್ಞಾನ ಮೇಳದ ಜಡ್ಜಸ್ ಮುಂದೆ ಇಂಥ ಅಜಾಗರೂಕತೆ ಆಗಬಾರದು. ಸಂತೋಷ್, ನೀನು ಬೇಡ. ಅನಂತಕೃಷ್ಣ ಬರಲಿ."

ಸಂತೋಷನ ಕಿವಿ ಕೆಂಪಾಯಿತು. ನಾಳೆಗೆ ಅಂತ ಅವನು ಕ್ಷೌರ ಕೂಡ ಮಾಡಿಸಿಕೊಂಡು ಬಂದಿದ್ದ.

"ಎಣಿಸ್ಕೊಂಡೇ ಬಿಟ್ಟಿದ್ದೆ ಮಿಸ್..." ಅಂದ. ಆಮೇಲೆ ತನ್ನ ಬೆರಳನ್ನೇ ನೋಡಿಕೊಂಡ. ದನಿ ಇಳಿದುಹೋಯಿತು. "ಕೈ ನಡುಗ್ತೇನೋ. ಜಾಸ್ತಿ ಬಿತ್ತೇನೋ ಮಿಸ್."

ಇಂಪನಾ ತಲೆ ಎತ್ತಿದಳು.

ಅವನ ಕೈ ನಡುಗಿರಲಿಲ್ಲ. ಪಕ್ಕದಲ್ಲೇ ನಿಂತು ಹನಿ ಎಣಿಸಿದವಳು ಅವಳೇ. ಅವನು ಐದೇ ಬಿಟ್ಟಿದ್ದ. ಈಗ ಮಾಡದ ತಪ್ಪನ್ನು ಮಾಡಿದೆ ಅಂತ ಅವನೇ ನಂಬತೊಡಗಿದ್ದ. ಅವಳು ಸುಮ್ಮನಿದ್ದಷ್ಟು ಹೊತ್ತೂ ಇನ್ನಷ್ಟು ನಂಬುತ್ತಾನೆ.

ಎದ್ದು ನಿಂತಳು. ಕ್ಲಾಸಲ್ಲಿ ತಾನಾಗಿ ಎದ್ದು ಮಾತಾಡಿದವಳೇ ಅಲ್ಲ ಅವಳು.

"ಏನೇ ಇಂಪನಾ?" ಅಂದರು ಮಿಸ್.

ಮೇಜಿನ ಮೇಲಿದ್ದ ಕತ್ತಲೆ ಪ್ಲೇಟಿನತ್ತ ಬೆರಳು ತೋರಿಸಿದಳು. ಅನಂತಕೃಷ್ಣ ಕಿಸಕ್ಕೆಂದ. ಸಂತೋಷ್ ಮಾತ್ರ ಇನ್ನೂ ತನ್ನ ಬೆರಳನ್ನೇ ನೋಡುತ್ತಿದ್ದ.

"ಆ ಪ್ಲೇಟು ಪೂರ್ತಿ ಕತ್ತಲಲ್ಲಿ ಇರಲಿಲ್ಲ ಮಿಸ್," ಅಂದಳು ಇಂಪನಾ. "ಸೋಮವಾರ ನಾನೇ ಬಿಚ್ಚಿ ಬಿಸಿಲಲ್ಲಿ ಬಿಟ್ಟಿದ್ದೆ."