ಎಡಗೈಯ ಮದರಂಗಿ

"ಚಿದಾನಂದ, ನಿನ್ನ ಎಡಗೈ ಎಲ್ಲಿ?"

ನೀಲಾವತಿ ಟೀಚರ್ ಹೀಗೆ ಕೇಳಿದಾಗ ಚಿದಾನಂದನ ಎಡಗೈ ಕಿಸೆಯೊಳಗಿತ್ತು. ಬೆಳಿಗ್ಗೆ ಅಸೆಂಬ್ಲಿಯಿಂದಲೂ ಅಲ್ಲೇ ಇತ್ತು. ಒಂದೇ ಕೈಯಲ್ಲಿ ಸ್ಕೇಲನ್ನೂ ಪೆನ್ಸಿಲನ್ನೂ ಹಿಡಿದು ಗೆರೆ ಎಳೆಯಲು ಯಾರಿಗೆ ಬರುತ್ತದೆ? ಅವನ ತ್ರಿಕೋನ ಬಾಳೆಕಾಯಿಯ ಹಾಗೆ ಬಾಗಿತ್ತು.

"ಗಾಯ ಆಗಿದೆ ಟೀಚರ್."

"ತೋರಿಸು ನೋಡುವ."

ಗಾಯ ಎಂದರೆ ಟೀಚರ್ ಸುಮ್ಮನಾಗುತ್ತಾರೆ ಎಂದುಕೊಂಡದ್ದು ಅವನ ಪೆದ್ದುತನ. ಟೀಚರ್ ಹತ್ತಿರವೇ ಬಂದರು. ಕೈ ಹೊರಗೆ ಬರಲೇಬೇಕಾಯಿತು. ಅಂಗೈ ತುಂಬ ಕೆಂಪು ಮದರಂಗಿ! ನಡುವೆ ಎರಡು ಮಾವಿನಕಾಯಿ, ಸುತ್ತ ಬಳ್ಳಿ, ಬೆರಳುಗಳ ಮೇಲೆ ಸಾಸಿವೆಯಷ್ಟು ಸಣ್ಣ ಚುಕ್ಕಿಗಳು.

"ಹೋಯ್, ಮದುಮಗಳು!" ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಇಡೀ ಆರನೇ ಕ್ಲಾಸು ನಕ್ಕಿತು. ಪಕ್ಕದಲ್ಲಿ ಕೂರುವ ರಹ್ಮತ್ ಕೂಡ ನಕ್ಕ.

"ಯಾರು ಹಾಕಿದ್ದು?" ಟೀಚರ್ ಕೇಳಿದರು.

ಚಿದಾನಂದ ಬಾಯಿ ತೆರೆದ. ಬಂದ ಮಾತೇ ಬೇರೆ. "ಅಕ್ಕ, ಟೀಚರ್. ಬೇಡ ಬೇಡ ಅಂದರೂ ಹಿಡಿದು ಕೂರಿಸಿ ಹಾಕಿದ್ಲು."

ನಗು ಅರ್ಧಕ್ಕೆ ನಿಂತಿತು. "ಪಾಪ ಮಾರಾಯ," ಎಂದ ರಹ್ಮತ್.

ನಿಜ ಹೇಳಬೇಕೆಂದರೆ ಅದನ್ನು ಬಿಡಿಸಿದ್ದು ಚಿದಾನಂದನೇ. ಪಕ್ಕದ ಮನೆಯ ಖತೀಜಮ್ಮ ಮದರಂಗಿ ಕೋನ್ ಮಾಡಿ ಮಾರುತ್ತಾರೆ. ಸರಿಯಾಗದ ಕೋನ್ ಎಲ್ಲ ಅವನಿಗೆ. ಆದರೆ ಬಿಡಿಸಲು ಒಂದು ಕೈ ಬೇಕಲ್ಲ! ಅಮ್ಮನೂ ಹರಿಣಾಕ್ಷಿ ಅಕ್ಕನೂ ಮನೆಯಲ್ಲಿ ಬೀಡಿ ಕಟ್ಟುವವರು. ಮದರಂಗಿ ಒಣಗುವ ತನಕ ಕೈ ಚಾಚಿ ಕೂರಲು ಅವರಿಗೆ ಪುರುಸೊತ್ತು ಎಲ್ಲಿದೆ? ಅವನಿಗಾದರೂ ಎಲ್ಲಿದೆ? ಶಾಲೆ, ಟ್ಯೂಷನ್, ಅದು ಮುಗಿದರೆ ಅಂಗಡಿಗೆ ಓಟ. ಆದಿತ್ಯವಾರ ಮಧ್ಯಾಹ್ನ ಒಂದು ಗಂಟೆ ಸಿಕ್ಕಿದರೆ ತನ್ನ ಎಡಗೈಯ ಮೇಲೆಯೇ ಬಿಡಿಸಿ, ಕೂಡಲೇ ತೊಳೆದುಬಿಡುತ್ತಿದ್ದ. ಈ ಸಲ ಮಾತ್ರ, ಬಣ್ಣ ಹೇಗೆ ಬರುತ್ತದೆ ನೋಡುವ ಎಂಬ ಆಸೆಗೆ ತೊಳೆಯದೆ ಬಿಟ್ಟಿದ್ದ. ಬಣ್ಣ ಚೆನ್ನಾಗಿಯೇ ಬಂತು. ಸಾಬೂನು ಹಾಕಿ ಎಷ್ಟು ತಿಕ್ಕಿದರೂ ಹೋಗದಷ್ಟು ಚೆನ್ನಾಗಿ.

"ಇಷ್ಟು ಚೆಂದ ಹಾಕ್ತಾಳಾ ನಿನ್ನ ಅಕ್ಕ?" ಟೀಚರ್ ಅವನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಶನಿವಾರ ಸ್ಕೂಲ್ ಡೇ ಅಲ್ವಾ. ಡ್ಯಾನ್ಸಿನ ಹುಡುಗಿಯರಿಗೆ ಅವಳೇ ಹಾಕಲಿ. ಇವತ್ತೇ ಫೋನ್ ಮಾಡ್ತೇನೆ."

ಚಿದಾನಂದ ಕೈಯನ್ನು ಮತ್ತೆ ಕಿಸೆಯೊಳಗೆ ತುರುಕಿದ.

ಸಂಜೆ ಫೋನ್ ಬಂದಾಗ ಅಕ್ಕ ಮಡಿಲಲ್ಲಿ ಮೊರದಂಥ ಸೂಪು ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಅವಳ ಬೆರಳು ಓಡುವುದನ್ನು ನೋಡಿದರೆ ನಮ್ಮ ಕಣ್ಣು ಸುಸ್ತಾಗಬೇಕು. ಕತ್ತರಿಸಿದ ಎಲೆ, ಒಂದು ಚಿಟಿಕೆ ಹೊಗೆಸೊಪ್ಪು, ಒಂದು ಸುತ್ತು, ಒಂದು ನೂಲು, ಮುಗಿಯಿತು. ನರಿಕೊಂಬು ಊರಿನಲ್ಲೇ ಅವಳಷ್ಟು ಚುರುಕು ಯಾರೂ ಇಲ್ಲ ಎಂದು ಅಮ್ಮ ಹೇಳುವುದುಂಟು.

ಭುಜಕ್ಕೂ ಕಿವಿಗೂ ನಡುವೆ ಫೋನ್ ಒತ್ತಿಕೊಂಡು ಅಕ್ಕ ಟೀಚರ ಮಾತು ಕೇಳಿಸಿಕೊಂಡಳು. ಅವಳ ಹುಬ್ಬು ಮೇಲೇರಿತು. ಚಿದಾನಂದ ಎದುರಿಗೆ ನಿಂತು ಎರಡೂ ಕೈ ಮುಗಿದ.

"ಆಯ್ತು ಟೀಚರ್, ಬರ್ತೇನೆ," ಎಂದಳು ಅಕ್ಕ. ಫೋನ್ ಇಟ್ಟು ತಮ್ಮನ ಕಡೆ ತಿರುಗಿದಳು. "ಎಂಥ ಹೇಳಿ ಬಂದದ್ದು ನೀನು? ನನಗೆ ಒಂದು ಹೂ ಬಿಡಿಸ್ಲಿಕ್ಕೆ ಗೊತ್ತುಂಟಾ?"

"ಹುಡುಗ ಮದರಂಗಿ ಹಾಕಿದ್ದು ಅಂತ ಗೊತ್ತಾದ್ರೆ ಎಲ್ಲರೂ ನಗಾಡ್ತಾರೆ ಅಕ್ಕ. ಸಿಂಪಲ್ ಬಳ್ಳಿ ನಾನು ಹೇಳಿಕೊಡ್ತೇನೆ."

ಹೇಳಿಕೊಟ್ಟ. ಕಲಿಯಲು ಅಕ್ಕನಿಗೆ ದಿನಕ್ಕೆ ಹತ್ತು ನಿಮಿಷ ಸಿಕ್ಕಿತು. ಹತ್ತು ನಿಮಿಷದಲ್ಲಿ ಬರುವಂಥದ್ದಲ್ಲ ಅದು.

ಶುಕ್ರವಾರ ಮಧ್ಯಾಹ್ನ ಅಕ್ಕ ಶಾಲೆಗೆ ಬಂದಳು. ಡ್ಯಾನ್ಸಿನ ಹುಡುಗಿಯರು ಅವಳ ಸುತ್ತ ಕೂತರು. ಚಿದಾನಂದ ಮತ್ತು ರಹ್ಮತ್ ಬೆಂಚು ಹೊರುವ ಕೆಲಸದಲ್ಲಿದ್ದರು. ಬಾಗಿಲ ಹತ್ತಿರ ಬರುವಾಗ ಒಳಗಿನ ಮಾತು ಕೇಳಿಸಿತು.

"ಟೀಚರ್, ಇದು ಎರೆಹುಳದ ಹಾಗೆ ಉಂಟು!" ಶ್ರಾವ್ಯಾ ಕೈಯೆತ್ತಿ ಎಲ್ಲರಿಗೂ ತೋರಿಸುತ್ತಿದ್ದಳು. ಹುಡುಗಿಯರು ಕಿಲಕಿಲ ನಕ್ಕರು. ಅಕ್ಕನೂ ನಕ್ಕಳು, ಆದರೆ ಅವಳ ಮುಖ ಕೆಂಪಾಗಿತ್ತು.

"ತಮ್ಮನ ಕೈಗೆ ಅಷ್ಟು ಚೆಂದ ಹಾಕಿದ್ದೆಯಲ್ಲ ಹರಿಣಾಕ್ಷಿ, ಇದೇನಾಯ್ತು?" ಎಂದರು ಟೀಚರ್.

ಅಕ್ಕ ಬಾಗಿಲ ಕಡೆ ನೋಡಿದಳು. ಬೆಂಚಿನ ಒಂದು ತುದಿ ಹಿಡಿದು ನಿಂತ ತಮ್ಮನನ್ನು ಕಂಡಳು. ಮತ್ತೆ ತಲೆ ತಗ್ಗಿಸಿದಳು.

"ಬೀಡಿ ಕಟ್ಟಿ ಕಟ್ಟಿ ಕೈ ನಡುಗ್ತದೆ ಟೀಚರ್."

ನಡುಗುವುದೇ? ಅಕ್ಕನ ಕೈಯೇ? ಸೋಮವಾರ ಕ್ಲಾಸಿಗೆ ಕ್ಲಾಸೇ ನಕ್ಕಾಗಲೂ ಚಿದಾನಂದನಿಗೆ ಇಷ್ಟು ನಾಚಿಕೆ ಆಗಿರಲಿಲ್ಲ. ಅವನು ಬೆಂಚನ್ನು ಕೆಳಗಿಟ್ಟ.

"ಓಯ್, ಎಂಥಾಯ್ತು ಮಾರಾಯ?" ಎಂದ ರಹ್ಮತ್.

"ಟೀಚರ್, ಅದು ಅಕ್ಕ ಹಾಕಿದ್ದಲ್ಲ. ನಾನೇ ಹಾಕಿದ್ದು. ಸುಳ್ಳು ಹೇಳಿದೆ."

ಟೀಚರ್ ಕನ್ನಡಕ ಸರಿಮಾಡಿಕೊಂಡರು. ಬೈಯಲಿಲ್ಲ, ಹೊಗಳಲೂ ಇಲ್ಲ. "ಹಾಗಾದ್ರೆ ಕೂತುಕೋ. ಹೊತ್ತಾಯ್ತು," ಎಂದರು.

ಅವನು ಕೋನ್ ಹಿಡಿದ. ಕಿಟಕಿಯಲ್ಲಿ ಹುಡುಗರ ತಲೆಗಳು ಒಂದೊಂದಾಗಿ ಮೂಡಿದವು. "ಮದುಮಗಳು!" ಎಂದು ಮತ್ತೆ ಕೂಗು ಬಂತು. ಅವನ ಕಿವಿ ಸುಡುತ್ತಿತ್ತು. ಕಣ್ಣಲ್ಲಿ ನೀರು ಬಂದು ಮಾವಿನಕಾಯಿ ಮಂಜುಮಂಜಾಯಿತು. ತೋಳಿನಿಂದ ಒರೆಸಿಕೊಂಡು ಬಿಡಿಸಿದ. ನಾಲ್ಕನೇ ಹುಡುಗಿಯ ಸರದಿ ಬರುವ ಹೊತ್ತಿಗೆ ಕಿಟಕಿಯಲ್ಲಿ ರಹ್ಮತ್ ಒಬ್ಬನೇ ಉಳಿದಿದ್ದ. ಅವನೂ ಮಾತಾಡದೆ ಗೆರೆಗಳನ್ನೇ ನೋಡುತ್ತಿದ್ದ.

ಮನೆಗೆ ಹೋಗುವಾಗ ಅಕ್ಕ ಬಿರಬಿರನೆ ನಡೆದಳು. ಅರ್ಧ ದಿನದ ಬೀಡಿ ಹಾಗೇ ಉಳಿದಿತ್ತು. ಅವಳ ಹಿಂದೆ ಚಿದಾನಂದ ಓಡಬೇಕಾಯಿತು.

"ಕೈ ನಡುಗ್ತದೆ ಅಂತ ಯಾಕೆ ಹೇಳಿದೆ ಅಕ್ಕ?"

"ಮತ್ತೆಂಥ ಹೇಳುವುದು? ನಿನ್ನ ಹೆಸರು ಹೇಳಿದ್ರೆ ನೀನು ಅಲ್ಲೇ ಅಳ್ತಿದ್ದಿ." ಅಕ್ಕ ತಿರುಗಿ ನೋಡದೆ ಹೇಳಿದಳು. "ಬೇಡ ಬೇಡ ಅಂದರೂ ನಾನು ಹಿಡಿದು ಕೂರಿಸಿದ್ದಂತೆ. ಹುಡುಗಿಯರು ಹೇಳಿದ್ರು. ನಿನಗೆ ಬೇಡದ್ದನ್ನು ನಾನು ಯಾವಾಗ ಮಾಡಿದ್ದೇನೆ ಚಿದು?"

ಚಿದಾನಂದ ತಲೆ ತಗ್ಗಿಸಿ ನಡೆದ.

ಮನೆ ಬಂತು. ಅಕ್ಕ ಕೈಕಾಲು ತೊಳೆದು ಸೂಪಿನ ಮುಂದೆ ಕೂತಳು. ಎಲೆ, ಸೊಪ್ಪು, ಸುತ್ತು, ನೂಲು. ಬೆರಳುಗಳು ಓಡತೊಡಗಿದವು.

ಅದನ್ನೇ ನೋಡುತ್ತಾ ನಿಂತವನಿಗೆ ತಟ್ಟನೆ ಹೊಳೆಯಿತು. ಇವತ್ತು ಅವನು ಹೇಳಿದ್ದು ತನ್ನ ಕೈಯ ವಿಷಯ ಮಾತ್ರ. ಅಕ್ಕನ ಕೈ ನಡುಗುವುದಿಲ್ಲ ಎಂದು ಅಲ್ಲಿ ಯಾರಿಗೂ ಹೇಳಿರಲಿಲ್ಲ.